ಲಂಗದ ಅಂಚು

ಪ್ರೀತಿಯ ಅಕ್ಕನಿಗೆ,

ಕನ್ನಡಕ ತಲುಪಿತು. ಒಂದು ಕಡ್ಡಿ ಸಡಿಲವಾಗಿತ್ತು, ದಾರ ಸುತ್ತಿಕೊಂಡಿದ್ದೇನೆ.

ವಕೀಲರು ನಿನ್ನೆ ಬಂದಿದ್ದರು. "ಮೇಲ್ಮನವಿಗೆ ಉಳಿದಿರೋದು ಒಂದೇ ದಾರಿ. ಆ ಕೋಟುಗಳ ಅಸ್ತರು ನಿನ್ನ ಹೊಲಿಗೆ ಅಲ್ಲ ಅಂತ ನಿಮ್ಮಕ್ಕ ಬರೆದುಕೊಡ್ಲಿ, ಅವರೂ ಟೈಲರಲ್ವಾ" ಅಂದರು. ನೀನು ಒಪ್ಪಿದ್ದೀಯಂತೆ. ನಿನಗೇನು ತಲೆ ಕೆಟ್ಟಿದೆಯಾ?

ಹೊಲಿಗೆ ಮುಗಿದ ಕಡೆ ಮೂರು ಸಲ ಹಿಂದಕ್ಕೆ ಹೊಲಿದು ಗಂಟು ಹಾಕುವುದನ್ನು ಅಪ್ಪ ನಮ್ಮಿಬ್ಬರಿಗೂ ಬೈದು ಬೈದು ಕಲಿಸಿದ್ದ. ಅಮಲಿನ ಪುಡಿಯ ಪೊಟ್ಟಣ ಒಳಗಿಟ್ಟು ಅಸ್ತರು ಮುಚ್ಚುವಾಗಲೂ ನನ್ನ ಕೈ ಅದನ್ನೇ ಮಾಡಿತು. ಕಳ್ಳ ಕೆಲಸವನ್ನಾದರೂ ಒರಟಾಗಿ ಹೊಲಿಯಲು ಬರಲಿಲ್ಲ ನನಗೆ. ನಿನ್ನ ಕೈಯದೂ ಅದೇ ಗಂಟು. ನೀನು ಸಹಿ ಹಾಕಿದರೆ ನಿನ್ನ ಅಂಗಡಿಯ ನಾಲ್ಕು ಅಂಗಿ ತಂದು ಪಕ್ಕದಲ್ಲಿಟ್ಟು ನೋಡುತ್ತಾರೆ. ಆಮೇಲೆ ನೀನೂ ಒಳಗೆ. ನನ್ನ ಮಗಳಿಗೆ ಯಾರು ಗತಿ?

ಜೈಲಿನವರು ಈ ಪತ್ರ ಓದಿಯೇ ಕಳಿಸುತ್ತಾರೆ. ಓದಲಿ. ಹೊಲಿದವನು ನಾನೇ, ಮಾರಿದವನೂ ನಾನೇ. ಇನ್ನು ನಿನ್ನ ಸಹಿ ಯಾವ ಕೆಲಸಕ್ಕೂ ಬಾರದು.

ಮಾಡುವುದಾದರೆ ಇಷ್ಟು ಮಾಡು. ಮಗಳ ಶಾಲೆಯ ಲಂಗದ ಅಂಚಿನೊಳಗೆ ಮೂರು ಮಡಿಪು ಬಟ್ಟೆ ಬಿಟ್ಟಿದ್ದೇನೆ. ವರ್ಷಕ್ಕೊಂದು ಬಿಚ್ಚಿ ಉದ್ದ ಮಾಡು. ಗಂಟು ಗಟ್ಟಿ ಇದೆ, ಬ್ಲೇಡಿನಿಂದ ಬಿಡಿಸು, ಎಳೆಯಬೇಡ. ಶಿಕ್ಷೆ ಹನ್ನೆರಡು ವರ್ಷ. ಅಷ್ಟಕ್ಕೆ ಸಾಲುವ ಬಟ್ಟೆ ಯಾವ ಅಂಚಿನಲ್ಲೂ ಹಿಡಿಸುವುದಿಲ್ಲ. ಮೂರನೆಯದು ಬಿಚ್ಚಿದ ಮೇಲೆ ಅವಳ ಅಳತೆ ನೀನೇ ತೆಗೆದುಕೊ.

ನಿನ್ನ ತಮ್ಮ