ಅತ್ತೆ ಬಾಯಿಬಿಟ್ಟು ಹೇಳದ ಮಾತು

ಮಾರ್ಚ್ ಒಂಬತ್ತು, ಬೆಳಿಗ್ಗೆ

ಮಗುವಿನ ಅಪ್ಪನಿಗೆ,

ನಿನ್ನ ಅಮ್ಮ ಚೆನ್ನಾಗಿದ್ದಾರೆ! ಮೊದಲೇ ಹೇಳಿಬಿಟ್ಟೆ, ಇನ್ನು ಗಾಬರಿಯಾಗದೆ ಓದು. ನೀನು ಬೇರೆ ಮನೆ ಮಾಡಿದಾಗಿನಿಂದ ಫೋನಿನಲ್ಲಿ ನಮ್ಮಿಬ್ಬರ ಮಾತು ಜಗಳಕ್ಕೇ ಹೋಗಿ ನಿಲ್ಲುತ್ತದೆ, ಅದಕ್ಕೇ ಈ ಪತ್ರ.

ಚಳಿಗಾಲದಿಂದ ಅತ್ತೆಗೆ ರಕ್ತ ಹೋಗುತ್ತಿತ್ತು. ನನಗೆ ಹೇಳದೆ ಒಬ್ಬರೇ ಡಾಕ್ಟರ ಹತ್ತಿರ ಹೋಗಿ, ‘ಕೆಳಗೆ ಸ್ವಲ್ಪ ಕೆಂಪಗೆ ಹೋಗತ್ತೆ’ ಅಂದಿದ್ದಾರೆ. ಅಷ್ಟೇ! ಬಾತ್‌ರೂಮಿಗೂ ‘ಆ ಕಡೆ ಹೋಗಿ ಬರ್ತೀನಿ’ ಅನ್ನುವ ನಿನ್ನ ಅಮ್ಮ ಇನ್ನೇನು ಹೇಳಿಯಾರು? ಆ ಡಾಕ್ಟರು ಗರ್ಭಕೋಶದ್ದೇ ಇರಬೇಕೆಂದು ಅದಕ್ಕೇ ಪರೀಕ್ಷೆ, ಅದಕ್ಕೇ ಮಾತ್ರೆ. ಗರ್ಭಕೋಶ ನೆಟ್ಟಗಿತ್ತು. ರಕ್ತ ನಿಲ್ಲಲಿಲ್ಲ. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ.

ಹೋದ ತಿಂಗಳು ಮಗುವಿನ ಒದ್ದೆ ಬಟ್ಟೆಯನ್ನು ಬೆಳಕಿಗೆ ಹಿಡಿದು ಬಣ್ಣ ನೋಡುತ್ತಿದ್ದೆ. ನಗಬೇಡ, ಬೆಳಗಾದರೆ ನಮಗೆ ಉಚ್ಚೆಯದೇ ಚಿಂತೆ. ಅತ್ತೆ ಮೆಲ್ಲಗೆ, ‘ಮಗೂದು ಕೆಂಪಗೆ ಬಂದ್ರೆ ಏನ್ಮಾಡ್ತೀಯೇ?’ ಎಂದರು. ಮಗೂದು ಯಾವಾಗ ಕೆಂಪಗೆ ಬಂತು? ತಿರುಗಿ ನೋಡಿದೆ. ಅವರು ತಲೆ ತಗ್ಗಿಸಿಬಿಟ್ಟಿದ್ದರು. ಆಗ ಹೊಳೆಯಿತು, ಅದು ಮಗೂದಲ್ಲ, ಅವರದೇ ಮಾತು.

ಮಾರನೆಯ ದಿನವೇ ಮೂತ್ರಕೋಶದ ತಜ್ಞರ ಹತ್ತಿರ ಎಳೆದುಕೊಂಡು ಹೋದೆ. ಅಲ್ಲೂ ಅತ್ತೆ ‘ಕೆಳಗೆ…’ ಅಂತಲೇ ಶುರು! ‘ಉಚ್ಚೇಲಿ ರಕ್ತ, ಡಾಕ್ಟ್ರೇ, ಉಚ್ಚೇಲಿ!’ ಎಂದು ಕೂಗಿಬಿಟ್ಟೆ. ಕಂಕುಳಲ್ಲಿದ್ದ ಮಗು ಬೆಚ್ಚಿಬಿದ್ದು ಅಳತೊಡಗಿತು. ‘ಮಾನ ಕಳೆದ್ಯಲ್ಲೇ’ ಎಂದು ಅತ್ತೆ ನನ್ನನ್ನು ಚಿವುಟಿದರು. ಡಾಕ್ಟರಮ್ಮ ನಕ್ಕು, ‘ಹೀಗೆ ಬಿಡಿಸಿ ಹೇಳೋರು ಸಿಕ್ಕೋದೇ ಕಷ್ಟ’ ಎಂದರು.

ಕ್ಯಾಮೆರಾ ಇರುವ ತೆಳ್ಳನೆಯ ಕೊಳವೆಯನ್ನು ಮೂತ್ರದ ದಾರಿಯಲ್ಲೇ ಒಳಗೆ ಬಿಟ್ಟರು. ಪರದೆಯ ಮೇಲೆ ನಾನೂ ನೋಡಿದೆ: ಗುಲಾಬಿ ಬಣ್ಣದ ಗೋಡೆ, ಅದಕ್ಕಂಟಿಕೊಂಡು ನೀರಲ್ಲಿ ಓಲಾಡುತ್ತಿದ್ದ, ಹೂಕೋಸಿನ ಚೂರಿನಂಥ ಗಡ್ಡೆ. ಮುಂದಿನ ವಾರ ಅರಿವಳಿಕೆ ಕೊಟ್ಟು, ಅದೇ ದಾರಿಯಲ್ಲಿ ತಂತಿಯ ಕುಣಿಕೆ ಕಳಿಸಿ ಕೆರೆದು ತೆಗೆದರು. ಹೊಟ್ಟೆ ಕೊಯ್ಯಲೇ ಇಲ್ಲ! ಆದರೆ ಅದು ಗೋಡೆಯ ಸ್ನಾಯುವಿಗೆ ಇಳಿದಿದ್ದರೆ ಮೂತ್ರಕೋಶವನ್ನೇ ತೆಗೆಯಬೇಕಾಗಬಹುದು ಎಂದಿದ್ದರು. ಆ ವರದಿಗೆ ಕಾಯುತ್ತ ನಾನು ಮಲಗಿದ್ದೇ ಇಲ್ಲ. ಮಗು ನಿದ್ದೆ ಹೋದರೆ ಎದ್ದು ಅತ್ತೆಯ ಉಸಿರು ನೋಡುವುದು, ಅತ್ತೆ ನಿದ್ದೆ ಹೋದರೆ ಮಗುವಿನದು.

ನಿನ್ನೆ ವರದಿ ಬಂತು. ಕ್ಯಾನ್ಸರ್ ಹೌದು. ಆದರೆ ಮೇಲ್ಪದರದಲ್ಲೇ ಇತ್ತಂತೆ. ಇಳಿದಿಲ್ಲ ಕಣೋ, ಇಳಿದಿಲ್ಲ! ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಇಬ್ಬರೂ ಹುಚ್ಚರ ಹಾಗೆ ನಕ್ಕೆವು.

ಇತಿ,
ಮಗುವಿನ ಅಮ್ಮ

ಮರೆತಿದ್ದೆ: ಇದು ಮರಳಿ ಬರುವ ಜಾತಿಯ ಗಡ್ಡೆಯಂತೆ. ಜೂನಿನಲ್ಲಿ ಮತ್ತೆ ಕ್ಯಾಮೆರಾ ಬಿಟ್ಟು ನೋಡುತ್ತಾರೆ. ‘ಅಮ್ಮನನ್ನು ನನ್ನ ಹತ್ತಿರ ಕಳಿಸಿಬಿಡು’ ಎಂದು ನೀನು ಕೇಳಿದ್ದೆಯಲ್ಲ, ಕಳಿಸುವುದಿಲ್ಲ. ಬೇಕಾದರೆ ನೀನೇ ಬಾ. ಅತ್ತೆ ಪರೀಕ್ಷೆಗೆ ಒಳಗೆ ಹೋದಾಗ ನಾನೂ ಜೊತೆಗಿರಬೇಕು, ಮಗುವನ್ನು ಎತ್ತಿಕೊಳ್ಳಲು ಯಾರೂ ಇಲ್ಲ.