ಕೆಂಪು ಜುಟ್ಟಿನ ಮರಕುಟಿಗ

ನವೆಂಬರ್ 3, ಬೆಳಿಗ್ಗೆ 7.30

ತಪ್ಪೊಪ್ಪಿಗೆ. ಮೂವತ್ತೊಂದು ವರ್ಷ ತರ್ಕಶಾಸ್ತ್ರ ಪಾಠ ಮಾಡಿ ನಿವೃತ್ತನಾದ ನಾನು, ಸ್ವಸ್ಥ ಚಿತ್ತದಿಂದ, ಯಾರ ಒತ್ತಾಯವೂ ಇಲ್ಲದೆ, ಇಂದು ನನ್ನದೇ ಹಿತ್ತಲಿನಲ್ಲಿ ಕಳ್ಳತನ ಮಾಡಿದೆ. ಕದ್ದ ಮಾಲು: ಎರಡು ಒಣ ಚಕ್ಕೆ. ಸೌದೆ ಒಟ್ಟಿನ ಬುಡದ ಸಂದಿಯಲ್ಲಿ ಸಿಕ್ಕಿಸಿಟ್ಟಿದ್ದವು. ಹೆಂಡತಿ ಬಚ್ಚಿಟ್ಟಿರಬೇಕು. ಅಲ್ಲಾಡಿಸಿ ಕಿತ್ತೆ. ಒಂದೇ ಕಡ್ಡಿಗೆ ಒಲೆ ಹತ್ತಿತು! ನಿನ್ನೆಯೂ ಕದ್ದಿದ್ದೆ, ಮೊನ್ನೆಯೂ. ನಾಳೆಯೂ ಕದಿಯುವವನಿದ್ದೇನೆ.

ಬಿಸಿ ಚಹಾ. ಕಿಟಕಿ ಗಾಜಿನ ಮೇಲೆ ನನ್ನದೇ ಉಸಿರಿನ ಮಂಜು. ಹಿತ್ತಲಿನಿಂದ ಟಕ್-ಟಕ್-ಟಕ್... ಮರಕುಟಿಗ. ದಿನವೂ ಇದೇ ಹೊತ್ತಿಗೆ. ಇವತ್ತು ಕಂಡೇಬಿಟ್ಟಿತು — ಒಟ್ಟಿನ ಹಿಂದೆ ಕೆಂಪು ಜುಟ್ಟು. ಕನ್ನಡಕ ಹಾಕಿರಲಿಲ್ಲ. ಆದರೇನು, ನನ್ನ ಕಣ್ಣು ಕಣ್ಣೇ.

ನವೆಂಬರ್ 5

ಸೌದೆ ಒಟ್ಟಿ ಹದಿನೈದು ದಿನ. ಎದೆಯೆತ್ತರ. ಒಟ್ಟಾರೆ, ಒಟ್ಟಿದವನು ನಾನೊಬ್ಬನೇ. ಸೌದೆ ತಂದವನು ಅಂದೇ ನಕ್ಕಿದ್ದ: "ಹಸಿ ಮರ ಮೇಷ್ಟ್ರೇ, ಒಣಗ್ತಾ ಕುಗ್ಗುತ್ತೆ. ಇದು ತಿಂಗಳು ನಿಂತ್ರೆ ನನ್ ಮೀಸೆ ಬೋಳಿಸ್ತೀನಿ." ಅವನ ಮೀಸೆಗೆ ಇನ್ನು ಹದಿನೈದೇ ದಿನ ಆಯಸ್ಸು.

ಹೆಂಡತಿ ರಜಾಯಿಗಳನ್ನು ಬಿಸಿಲಿಗೆ ಹಾಕಿ, ಒಟ್ಟಿನ ಪಕ್ಕ ಕುರ್ಚಿ ಎಳೆದುಕೊಂಡು ಸ್ವೆಟರ್ ಹೆಣೆಯುತ್ತಿದ್ದಳು. ಅಲ್ಲಿ ಗಾಳಿ ಇಲ್ಲ, ಬರೀ ಬಿಸಿಲು. ಅವಳ ತಂಗಿ — ನರ್ಸ್ ಕೆಲಸ ಮುಗಿಸಿ ಒಂದು ವರ್ಷದಿಂದ ನಮ್ಮೊಂದಿಗೇ ಇರುವ ನಾದಿನಿ — ಬಂದಳು.

"ಭಾವ, ಪೇಟೆ ಹಾಸ್ಟೆಲಿನವ್ರು ವಾರ್ಡನ್ ಆಗಿ ಬಾ ಅಂತಿದಾರೆ. ಭಾನುವಾರದೊಳಗೆ ಹೇಳ್ಬೇಕಂತೆ. ಹೋಗ್ಲಾ?"

"ಧಾರಾಳವಾಗಿ ಹೋಗಮ್ಮ. ನನ್ನ ಸೌದೆ ನೋಡು, ಯಾರ ಹಂಗೂ ಇಲ್ದೆ ನಿಂತಿದೆ. ಈ ಮನೆನೂ ಹಾಗೇ."

ನನ್ನ ಮುಖವನ್ನೇ ನೋಡಿದಳು. ನಕ್ಕಳು. "ಅದೂ ನಿಜವೇ."

ಹೆಂಡತಿ ಹೆಣಿಗೆ ಸುತ್ತಿಕೊಂಡು ಎದ್ದು ಒಳಗೆ ಹೋದಳು. ಊಟಕ್ಕೆ ತಟ್ಟೆ ಕುಕ್ಕಿದಳು.

ನವೆಂಬರ್ 6

ನಾದಿನಿ ಹಾಸ್ಟೆಲ್ ನೋಡಿಬರಲು ಹೋದಳು. ಚಕ್ಕೆ ಎರಡು.

ನವೆಂಬರ್ 7

ಚಕ್ಕೆ ಎರಡು. ಮರಕುಟಿಗ ಇಲ್ಲ. ನಿನ್ನೆಯೂ ಬರಲಿಲ್ಲ. ಚಳಿಗೆ ವಲಸೆ ಹೋಯಿತೇ?

ಹೆಂಡತಿ ಕೊನೆಗೂ ಬಾಯಿ ಬಿಟ್ಟಳು. "ಅವಳಿದ್ರೆ ಈ ಚಳಿಗಾಲನಾದ್ರೂ ಸಲೀಸಾಗಿ ಕಳೀತಿತ್ತು. ಹೋಗು ಅಂದ್ಬಿಟ್ರಿ." ಚಹಾ ರುಚಿಸಲಿಲ್ಲ.

ನವೆಂಬರ್ 8, 9.10

ಬಿತ್ತು. ಇಡೀ ಒಟ್ಟು. ಸದ್ದಿಗೆ ಮನೆ ಅದುರಿತು. ಓಡಿ ನೋಡಿದರೆ — ಕುರ್ಚಿ ಕಾಣಿಸುತ್ತಿಲ್ಲ. ಸೌದೆಯಡಿ ಸ್ವೆಟರಿನ ತೋಳು. ಬರೀ ತೋಳು. ನನ್ನ ಗಂಟಲಿಂದ ಏನು ಹೊರಟಿತೋ ಗೊತ್ತಿಲ್ಲ. "ಏನ್ರೀ ಅದು?" ಎಂದು ಅವಳು ಅಡುಗೆಮನೆಯಿಂದ ಬಂದಳು. ಹಾಲು ಉಕ್ಕೀತೆಂದು ಒಳಗೆ ಹೋಗಿದ್ದಳಂತೆ. ಎರಡು ನಿಮಿಷ.

ಎರಡೇ ನಿಮಿಷ.

9.40

ಅವಳು ಅಳಲಿಲ್ಲ. ಸೌದೆ ಸರಿಸಿ ನೋಡಿದಳು. "ಬೆಣೆ ಎಲ್ಲಿ?"

"ಯಾವ ಬೆಣೆ?"

"ನನ್ ತಂಗಿ ದಿನಾ ಬೆಳಿಗ್ಗೆ ಬಡೀತಿದ್ಳಲ್ರೀ. ಸೌದೆ ಕುಗ್ಗಿದ ಹಾಗೆ ಹೊಸ ಬೆಣೆ ಕೊಡ್ಬೇಕು ಅಂತ. ಭಾವಂಗೆ ಹೇಳ್ಬೇಡ, ಪಾಪ, ಬೇಜಾರು ಮಾಡ್ಕೋತಾರೆ ಅಂದಿದ್ಳು. ಯಾವ್ದೋ ಹೆಗ್ಗಣ ದಿನಾ ಎರಡು ಎಳ್ಕೊಂಡ್ ಹೋಗುತ್ತೆ ಅಂತಲೂ ಅಂತಿದ್ಳು."

ಹೆಗ್ಗಣ ಒಳಗೆ ಹೋಗಿ ಒಲೆಯ ಬೂದಿ ಕೆದಕಿತು.

ಬೆಣ್ಣೆ ಕದ್ದವನಿಗೆ ಜನ ಹಾಡು ಕಟ್ಟಿದರು. ಬೆಣೆ ಕದ್ದವನು ಹೆಂಡತಿಯನ್ನೇ... ಬರೆಯಲಾರೆ.

ನವೆಂಬರ್ 9, ಭಾನುವಾರ

ಮಧ್ಯಾಹ್ನ ನಾದಿನಿ ಬಂದಳು. ಬಿದ್ದ ಸೌದೆ ನೋಡಿದಳು, ಮುರಿದ ಕುರ್ಚಿ ನೋಡಿದಳು. ಬ್ಯಾಗು ಅಲ್ಲೇ ಬಿಟ್ಟು ಅಕ್ಕನ ಕೈ, ಭುಜ, ತಲೆ ಎಲ್ಲ ಮುಟ್ಟಿ ನೋಡಿದಳು.

"ಹೆಗ್ಗಣ ನಾನೇ," ಅಂದೆ.

"ಏನು?"

"ಚಕ್ಕೆ ಅಂದ್ಕೊಂಡು ಒಲೆಗೆ ಹಾಕ್ದೆ. ದಿನಾ. ನೀನು ಹೋಗ್ಬೇಡಮ್ಮ."

ಫೋನು ಕೈಯಲ್ಲೇ ಹಿಡಿದಿದ್ದಳು. "ಸೌದೆಗೋಸ್ಕರನಾ ಭಾವ? ಕಾರಣ ಹೇಳಿ. ತರ್ಕಬದ್ಧವಾಗಿ."

ಮೂವತ್ತೊಂದು ವರ್ಷದ ಸರ್ವಿಸ್ಸು. ಒಂದು ತರ್ಕವೂ ಬರಲಿಲ್ಲ. "ಬೆಳಿಗ್ಗೆ ಆ ಟಕ್-ಟಕ್ ಇಲ್ದೆ ಚಹಾ ಇಳಿಯಲ್ಲ," ಅಂದೆ. ಅವಳು ಹಾಸ್ಟೆಲಿಗೆ ಫೋನ್ ಮಾಡಿ "ಬರೋಕಾಗಲ್ಲ, ಮನೇಲಿ ಹೆಗ್ಗಣದ ಕಾಟ" ಅಂದಳು. ಅಕ್ಕತಂಗಿ ಇಬ್ಬರೂ ಅತ್ತರು, ಆಮೇಲೆ ನನ್ನನ್ನು ನೋಡಿ ನಕ್ಕರು. ನಗಲಿ.

ಎಲ್ಲ ಒಪ್ಪಿಕೊಂಡೆ — ಒಂದನ್ನು ಬಿಟ್ಟು. ಮೂರನೇ ತಾರೀಖು ಊರ ಲೈಬ್ರರಿಗೆ ಹೋಗಿ, ಕಂಡ ಹಕ್ಕಿಗಳನ್ನು ಬರೆಯುವ ಗೋಡೆಯ ಪಟ್ಟಿಯಲ್ಲಿ ಇಂಕಿನಲ್ಲಿ ಬರೆದು ಸಹಿ ಹಾಕಿದ್ದೇನೆ: 'ಮರಕುಟಿಗ. ಗಂಡು. ಕೆಂಪು ಜುಟ್ಟು. ಕಣ್ಣಾರೆ ಕಂಡಿದ್ದು.'

ಈಗ ಕನ್ನಡಕ ಹಾಕಿಕೊಂಡಿದ್ದೇನೆ. ನಾದಿನಿಯ ಚಳಿ ಟೋಪಿ ಬಾಗಿಲ ಮೊಳೆಗೆ ನೇತಾಡುತ್ತಿದೆ. ಉಣ್ಣೆಯದು. ಕೆಂಪು. ನೆತ್ತಿಯ ಮೇಲೆ ಒಂದು...