ಬಟ್ಟೆ ಹಗ್ಗದ ನೆರಳು

ಥಿಯಾ,

ಈ ಕಾಗದ ಅಂಚೆಗೆ ಹೋಗುವುದಿಲ್ಲ, ಹಾಗಾಗಿ ಸುಳ್ಳು ಹೇಳಬೇಕಾಗಿಲ್ಲ. ನನೈಮೊ ಪಟ್ಟಣದ ನಿನ್ನ ಅಕ್ಕನ ಮನೆಯಲ್ಲಿ ದೀಪ ಹಚ್ಚಿದರೆ ಯಾರೂ ನನ್ನ ಹಾಗೆ ಬ್ಯಾಟರಿಯ ಲೆಕ್ಕ ಕೇಳುವುದಿಲ್ಲ. ನಾನು ಮಾತ್ರ, ನಾವು ಮನೆ ಮಾಡಿಕೊಂಡಿದ್ದ ಈ ದೋಣಿಯಿಂದ ನೀನು ಇಳಿದು ಹೋದ ಕೊಲ್ಲಿಯಲ್ಲೇ ಸಿಕ್ಕಿಕೊಂಡಿದ್ದೇನೆ. ಈ ಗುಡ್ಡಗಳ ನಡುವೆ ಹಾಯಿಗೆ ಗಾಳಿ ಸಿಗುವುದಿಲ್ಲ. ಎಂಜಿನ್ ಚಾಲೂ ಮಾಡಲು ಬ್ಯಾಟರಿಯಲ್ಲಿ ತ್ರಾಣವಿಲ್ಲ.

ಇವತ್ತು ಮಧ್ಯಾಹ್ನ ಪಕ್ಕದ ದೋಣಿಯ ಮುದುಕ ಆರ್ವೊ, ಹೊಗೆಯಲ್ಲಿ ಬೇಯಿಸಿದ ಸಾಲ್ಮನ್ ಮೀನು ಹಿಡಿದುಕೊಂಡು ಬಂದ. ಬಿಸಿಲು ಚೆನ್ನಾಗಿಯೇ ಇತ್ತು. ನಮ್ಮ ಸೋಲಾರ್ ಪ್ಯಾನೆಲ್ ನೋಡಿ ನಕ್ಕುಬಿಟ್ಟ.

"ಅಲ್ಲಯ್ಯಾ, ಬಟ್ಟೆ ಹಗ್ಗದ ನೆರಳು ನೇರ ಪ್ಯಾನೆಲ್ ಮೇಲೇ ಬಿದ್ದಿದೆ! ಇನ್ನೆಲ್ಲಿ ಚಾರ್ಜ್ ಆಗತ್ತೆ? ಇದೇ ಹಗ್ಗ ಕಟ್ಟಿದ್ದಕ್ಕೆ ನೀನು ಥಿಯಾ ಮೇಲೆ ಎಷ್ಟು ಕೂಗಾಡ್ತಿದ್ದೆ, ಇಡೀ ಕೊಲ್ಲಿಗೆ ಕೇಳಿಸೋದು. ಬಿಚ್ಚಿ ಬಿಸಾಕು."

"ಉಪ್ಪುನೀರಿಗೆ ಗಂಟು ಬಿಗಿದುಹೋಗಿದೆ, ಬಿಚ್ಚೋಕಾಗ್ತಿಲ್ಲ."

"ಚಾಕು ಇಲ್ವಾ?"

"ಮೊಂಡಾಗಿದೆ."

ಅವನು ತನ್ನ ಚಾಕುವನ್ನು ಮೀನಿನ ಪಕ್ಕ ಇಟ್ಟು, ಹುಟ್ಟು ಹಾಕುತ್ತಾ ಹೋದ.

ಆ ಚಾಕುವಿನಿಂದ ಮೀನು ಕೊಯ್ದು ತಿಂದೆ. ಹಗ್ಗದ ಗಂಟು ನೀನು ಕಟ್ಟಿದಂತೆಯೇ ಇದೆ, ತುದಿ ಹಿಡಿದು ಒಮ್ಮೆ ಎಳೆದರೆ ಬಿಚ್ಚಿಕೊಳ್ಳುವಂಥದ್ದು.